ಹಾವಿರೋ ತೋಟಕ್ಕೆ ಯಾವ ಬೂಟು? ನಾನು ಆರಿಸಿದ್ದು ಹಿಂಗೆ

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಮೇಲೆ ಗೊಬ್ಬರಕ್ಕೆ ಸೊಪ್ಪು ತರೋ ಸೊಪ್ಪಿನ ಬೆಟ್ಟ, ಕೆಳಗೆ ಒಂಚೂರು ಗದ್ದೆ. ಪೇಟೆ ಬಿಟ್ಟು ವಾಪಸ್ ಬಂದು ತೋಟ ನೋಡ್ಕೊಳ್ತಿರೋ ಹುಡುಗರು ಈಗ ನಮ್ಮ ಕಡೆ ಜಾಸ್ತಿ ಆಗಿದ್ದಾರೆ, ಅವರು ಆನ್‌ಲೈನಲ್ಲಿ ಸ್ನೇಕ್ ಪ್ರೂಫ್ ಅಂತ ಹುಡುಕಿ ಸಾವಿರಾರು ರೂಪಾಯಿ ಬೂಟಿನ ಫೋಟೋ ಕಳಿಸಿ ಇದು ತಗೊಳ್ಳಲಾ ಅಂತ ಕೇಳ್ತಾರೆ. ಒಬ್ಬೊಬ್ಬರಿಗೆ ಹೇಳೋ ಬದಲು ನಮ್ಮನೆಯವರಿಗೂ ಕೆಲಸಕ್ಕೆ ಬರೋರಿಗೂ ನಾನು ಗಮ್ ಬೂಟು ಹೆಂಗೆ ಆರಿಸಿದೆ ಅಂತ ಬರೀತಿದೀನಿ.

ಬೂಟು ನೋಡೋಕೆ ಮುಂಚೆ ಹಾವು ಯಾವ್ದು, ಅದು ಎಲ್ಲಿ ಮಲಗಿರುತ್ತೆ ಅಂತ ನೋಡ್ಬೇಕು. ನಮ್ಮ ಗದ್ದೆ ಅಂಚಲ್ಲಿ, ಹುಲ್ಲು ಬೆಳೆದ ಕಡೆ ಕೊಳಕು ಮಂಡಲ. ಇದು ಮನುಷ್ಯ ಬಂದ ಅಂತ ಜಾಗ ಬಿಟ್ಟು ಹೋಗೋ ಹಾವಲ್ಲ, ಸುರುಳಿ ಸುತ್ಕೊಂಡು ಅಲ್ಲೇ ಇರುತ್ತೆ, ಕುಕ್ಕರ್ ಪ್ರೆಶರ್ ಬಿಟ್ಟಂಗೆ ಬುಸ್ ಅನ್ನುತ್ತೆ, ಆ ಸದ್ದು ಕೇಳದೆ ಕಾಲಿಟ್ರೆ ಪಾದಕ್ಕೋ ಹರಡಿಗೋ (ಪಾದದ ಕೀಲಿಗೋ) ಹೊಡೆಯುತ್ತೆ. ನಾಗರಹಾವು ಸಾಮಾನ್ಯವಾಗಿ ನಮ್ಮನ್ನ ಕಂಡು ಸರಿದು ಹೋಗುತ್ತೆ, ಆದ್ರೆ ಮೆಟ್ಟಿದ್ರೆ ಬಿಡಲ್ಲ. ತೋಟದ ಒಳಗೆ ದರಗಿನ (ಉದುರಿದ ಒಣ ಎಲೆ) ಮೇಲೆ ಮೂಗು ಮೇಲಕ್ಕೆ ಎತ್ತಿರೋ ಒಂದು ಸಣ್ಣ ಕಂದು ಗುಳಿಮಂಡಲ ಇರುತ್ತೆ, ಒಂದೂವರೆ ಅಡಿ ಬಂದ್ರೆ ಹೆಚ್ಚು, ಬಣ್ಣ ಒಣಗಿದ ಎಲೆದೇ ಬಣ್ಣ, ಕಣ್ಣಿಟ್ಟು ನೋಡಿದ್ರೂ ಕಾಣಲ್ಲ. ಮಲಬಾರ್ ಗುಳಿಮಂಡಲ ಮಳೆಗಾಲದಲ್ಲಿ ಗಿಡ, ಬಳ್ಳಿ ಮೇಲೆ ಕೂತಿರುತ್ತೆ, ಅದು ಸಿಗೋದು ಕೈ ಎತ್ತರಕ್ಕೆ. ಕಾಳಿಂಗ ಎದ್ದು ನಿಂತ್ರೆ ಯಾವ ಬೂಟಿನ ಎತ್ತರವೂ ಲೆಕ್ಕಕ್ಕಿಲ್ಲ, ಆದ್ರೆ ಅದರ ದಾರಿ ಬಿಟ್ಟು ನಿಂತ್ರೆ ಅದು ತನ್ನ ಪಾಡಿಗೆ ಹೋಗುತ್ತೆ. ಇಷ್ಟು ಲೆಕ್ಕ ಹಾಕಿದಾಗ ನಮ್ಮಲ್ಲಿ ಬೂಟು ಕಾಯಬೇಕಾಗಿರೋದು ಪಾದ, ಹರಡು ಮತ್ತೆ ಮೀನಖಂಡ ಅಂತ ಗೊತ್ತಾಯ್ತು.

ಹಂಗಾಗಿ ನನ್ನ ಮೊದಲ ಷರತ್ತು ಎತ್ತರ. ಮೊಣಕಾಲಿಂದ ಸ್ವಲ್ಪ ಕೆಳಗೆ ನಿಲ್ಲಬೇಕು. ಗಮ್ ಬೂಟಲ್ಲೇ ಮೀನಖಂಡದ ಅರ್ಧಕ್ಕೆ ನಿಲ್ಲೋ ಗಿಡ್ಡ ಬೂಟು ಬರುತ್ತೆ, ಹಗುರ ಇದೆ ಅಂತ ಜನ ಅದನ್ನೇ ತಗೋತಾರೆ, ಕೊಟ್ಟಿಗೆ ತೊಳೆಯೋಕೆ ಅದು ಚೆನ್ನಾಗಿದೆ, ಮೊಣಕಾಲುದ್ದ ಹುಲ್ಲಿಗೆ ಸಾಲಲ್ಲ. ಸೇಫ್ಟಿ ಶೂ ಮುಂದೆ ಸ್ಟೀಲ್ ಇರುತ್ತೆ, ಕತ್ತಿ ಜಾರಿದ್ರೆ ಬೆರಳು ಉಳಿಯುತ್ತೆ, ಆದ್ರೆ ಹರಡಿಂದ ಮೇಲೆ ಬರೀ ಪ್ಯಾಂಟು. ಹಂಟರ್ ಶೂ ಬೆಟ್ಟ ಹತ್ತೋಕೆ ಎಷ್ಟು ಹಿತವಾದ್ರೂ ಅದರ ಮೇಲ್ಭಾಗ ಕ್ಯಾನ್ವಾಸು, ಮಂಡಲದ ಹಲ್ಲಿಗೆ ಅದು ಅಡ್ಡಿನೇ ಅಲ್ಲ. ಉಂಬಳಕ್ಕೆ ಹಾಕೋ ಲೀಚ್ ಸಾಕ್ಸನ್ನೂ ಕೆಲವರು ಹಾವಿಗೆ ಆಗುತ್ತೆ ಅಂದ್ಕೊಂಡಿದ್ದಾರೆ, ಖಂಡಿತ ಆಗಲ್ಲ.

ಎರಡನೇದು, ಸಡಿಲ. ಕೊಳಕು ಮಂಡಲದ ವಿಷದ ಹಲ್ಲು ಒಂದೂವರೆ ಸೆಂಟಿಮೀಟರ್ ಹತ್ತಿರ ಇರುತ್ತೆ. ನಾಗರದ್ದು ಅದಕ್ಕಿಂತ ಗಿಡ್ಡ, ಕಟ್ಟುಹಾವಿಂದು ಇನ್ನೂ ಚಿಕ್ಕದು. ನಾವು ಅಂಗಡೀಲಿ ತಗೊಳೋ ಪಿವಿಸಿ ಬೂಟಿನ ದಪ್ಪ ಕೆಲವೇ ಮಿಲಿಮೀಟರ್, ಹಾವಿನ ಹಲ್ಲು ತಡೆಯುತ್ತೆ ಅಂತ ಅದಕ್ಕೆ ಯಾರೂ ಗ್ಯಾರಂಟಿ ಕೊಟ್ಟಿಲ್ಲ, ನಾನೂ ಕೊಡಲ್ಲ. ಆದ್ರೆ ಬೂಟಿನ ಗೋಡೆಗೂ ಕಾಲಿಗೂ ಮಧ್ಯೆ ಒಂದು ಬೆರಳು ಹೋಗೋವಷ್ಟು ಜಾಗ, ಒಳಗೊಂದು ದಪ್ಪ ಪ್ಯಾಂಟು, ದಪ್ಪ ಕಾಟನ್ ಸಾಕ್ಸು ಇದ್ರೆ ಹಲ್ಲು ಇವೆಲ್ಲ ದಾಟಿ ಚರ್ಮಕ್ಕೆ ಬರ್ಬೇಕು, ದೊಡ್ಡ ಮಂಡಲಕ್ಕೂ ಅದು ಸುಲಭ ಅಲ್ಲ. ಬರೀ ಬಟ್ಟೆಯಿಂದ್ಲೂ ಉಪಯೋಗ ಇದೆ. ಅಮೆರಿಕದಲ್ಲಿ ರಾಟಲ್ ಸ್ನೇಕ್ ಕೈಯಲ್ಲಿ ಬೆಚ್ಚಗಿನ ಉಪ್ಪುನೀರು ತುಂಬಿದ ಗ್ಲೌಸು ಕಚ್ಚಿಸಿ ನೋಡಿದ್ದಾರೆ, ಬರೀ ಗ್ಲೌಸಿಗೂ ಮೇಲೆ ಜೀನ್ಸ್ ಬಟ್ಟೆ ಹೊದಿಸಿದ ಗ್ಲೌಸಿಗೂ ಹೋಲಿಸಿದ್ರೆ ಬಟ್ಟೆ ಇದ್ದಾಗ ಒಳಗೆ ಹೋದ ವಿಷ ಮೂರಲ್ಲಿ ಒಂದು ಭಾಗ ಚಿಲ್ಲರೆಗೆ ಇಳೀತು. ಅದಕ್ಕೇ ನಾನು ಹಳೇ ಜೀನ್ಸ್ ಪ್ಯಾಂಟು ಎಸೆಯಲ್ಲ, ಬೂಟಿನೊಳಗೆ ಅದೇ. ಮೀನಖಂಡಕ್ಕೆ ಅಂಟಿಕೊಳ್ಳೋ ಬೂಟು ಹಾಕಿ ನೋಡಿದಾಗ ಎಷ್ಟೇ ಆರಾಮ ಅನ್ಸಿದ್ರೂ ನಾನು ವಾಪಸ್ ಇಡ್ತೀನಿ.

ಅಟ್ಟೆ ವಿಷ್ಯ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಹಾವಿಗೆ ಹೆದರಿ ಬೂಟು ಹಾಕ್ಕೊಂಡು ಸಂಕದ (ಹಳ್ಳ ದಾಟೋ ಕಾಲುಸೇತುವೆ) ಮೇಲಿಂದ ಜಾರಿ ಸೊಂಟ ಮುರ್ಕೊಂಡೋರನ್ನ ನಾನು ನೋಡಿದೀನಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲಾ ಕಡೆ ಪಾಚಿ, ಜಂಬಿಟ್ಟಿಗೆ ಮೆಟ್ಟಿಲು, ಅಡಿಕೆ ದಬ್ಬೆ ಸಂಕ, ಬಿದ್ದ ಅಡಿಕೆ ಹಾಳೆ, ಇವುಗಳ ಮೇಲೆ ಗಟ್ಟಿ ಪಿವಿಸಿ ಅಟ್ಟೆ ನಿಲ್ಲಲ್ಲ. ಅಂಗಡೀಲಿ ಬೂಟು ತಿರುಗಿಸಿ ಅಟ್ಟೆಗೆ ಉಗುರು ಒತ್ತಿ ನೋಡಿ, ಸ್ವಲ್ಪವೂ ಒಳಗೆ ಹೋಗದಿದ್ರೆ ಬೇಡ. ಅಟ್ಟೆಯ ಹಲ್ಲು ಆಳವಾಗಿ, ಒಂದಕ್ಕೊಂದು ದೂರ ಇರ್ಬೇಕು, ಹತ್ತಿರ ಇದ್ರೆ ನಾಕು ಹೆಜ್ಜೆಗೆ ಕೆಸರು ತುಂಬಿ ಅಟ್ಟೆ ನುಣ್ಣಗಾಗುತ್ತೆ. ಹಿಮ್ಮಡಿ ಹತ್ರ ಹಿಡಿದು ಮಡಚಿ ನೋಡಿ, ಒಂಚೂರು ಬಾಗಬೇಕು. ರಬ್ಬರ್ ಬೂಟು ಪಿವಿಸಿಗಿಂತ ಹಿಡಿತ ಜಾಸ್ತಿ, ತೂಕ ಮತ್ತೆ ರೇಟೂ ಜಾಸ್ತಿ. ಸಂಕ ದಾಟಿ ಓಡಾಡೋರಿಗೆ ನಾನು ರಬ್ಬರ್ ತರ್ತೀನಿ, ಗದ್ದೆ ಕೆಲಸಕ್ಕೆ ಪಿವಿಸಿ ಸಾಕು.

ಆ ಸಾವಿರಾರು ರೂಪಾಯಿ ಸ್ನೇಕ್ ಬೂಟು, ಗೇಟರ್ (ಮೀನಖಂಡಕ್ಕೆ ಸುತ್ತಿ ಕಟ್ಟೋ ದಪ್ಪ ಹೊದಿಕೆ) ಕೆಟ್ಟದ್ದಲ್ಲ. ಒಣ ಕಾಡಲ್ಲಿ ಸರ್ವೆ ಕೆಲಸ ಮಾಡೋರಿಗೆ, ಬಯಲುಸೀಮೆ ಕಲ್ಲುಗುಡ್ಡದಲ್ಲಿ ಗರಗಸ ಮಂಡಲ ಇರೋ ಕಡೆ ನಡೆಯೋರಿಗೆ ಗೇಟರ್ ಒಳ್ಳೇದು, ಶೂ ಮೇಲೇ ಕಟ್ಕೋಬಹುದು, ಕೆಲಸ ಮುಗಿದ ಮೇಲೆ ಬಿಚ್ಚಿ ಬ್ಯಾಗಿಗೆ ಹಾಕ್ಬಹುದು. ಆದ್ರೆ ನಮ್ಮ ಮಳೇಲಿ ಅದು ಒಮ್ಮೆ ನೆನೆದ್ರೆ ಬೇಗ ಒಣಗಲ್ಲ, ಪಾದದ ಮೇಲ್ಭಾಗಕ್ಕೆ ಶೂನೇ ಗತಿ. ಮತ್ತೆ ಆ ಒಂದು ಜೊತೆ ದುಡ್ಡಲ್ಲಿ ಮನೆಗೆ ಕೆಲಸಕ್ಕೆ ಬರೋ ಎಲ್ರಿಗೂ ಗಮ್ ಬೂಟು ಬರುತ್ತೆ. ತೋಟದ ಯಜಮಾನ ಒಬ್ಬ ಗೇಟರ್ ಕಟ್ಕೊಂಡು, ಅಡಿಕೆ ಹೆಕ್ಕೋ ಹೆಂಗಸರು ಹವಾಯಿ ಚಪ್ಪಲಿಯಲ್ಲಿ ದರಗಿಗೆ ಇಳಿಯೋದು ನನಗೆ ಸರಿ ಅನ್ಸಲ್ಲ.

ಈ ಹೆಂಗಸರ ವಿಷ್ಯಕ್ಕೇ ಬರ್ತೀನಿ. ಬೂಟು ತಂದಿಟ್ರೂ ಅವರು ಹಾಕ್ತಿರಲಿಲ್ಲ. ಯಾಕೆ ಅಂತ ಕೇಳಿದ್ರೆ ಒಬ್ರು "ಇದ್ರೊಳಗೆ ಕಾಲು ಈಜಾಡ್ತದೆ ಅಣ್ಣಾ, ಕೆಸರಲ್ಲಿ ಕಾಲು ಎತ್ತಿದ್ರೆ ಬೂಟು ಅಲ್ಲೇ ಉಳೀತದೆ" ಅಂದ್ರು. ನಮ್ಮ ಪೇಟೆ ಅಂಗಡಿಗಳಲ್ಲಿ ಗಮ್ ಬೂಟು ಆರನೇ ನಂಬರಿಂದ ಮೇಲೇ ಇಟ್ಟಿರ್ತಾರೆ, ಇವರ ಕಾಲು ನಾಕು, ಐದು. ಪೇಪರ್ ಮೇಲೆ ಒಬ್ಬೊಬ್ಬರದೂ ಪಾದದ ಗುರುತು ಹಾಕ್ಕೊಂಡು ಹೋಗಿ ಅಂಗಡಿಯವರ ಹತ್ರ ಆ ನಂಬರೇ ಬೇಕು ಅಂತ ಆರ್ಡರ್ ಹಾಕಿಸಿದೆ, ಬರೋಕೆ ಟೈಮ್ ಆಯ್ತು, ಆದ್ರೆ ಬಂದ ಮೇಲೆ ಎಲ್ರೂ ಹಾಕ್ತಿದ್ದಾರೆ. ಬೂಟಿನ ಮೇಲೆ ಹೆಸರು ಬರೆದಿದೀವಿ, ಒಬ್ಬರದ್ದು ಒಬ್ಬರು ಹಾಕಲ್ಲ, ಕೆಸರುಹುಣ್ಣು ಹರಡೋದೂ ತಪ್ಪಿತು. ಸೆಖೆ ಇರೋದು ನಿಜ, ಬೆವರುತ್ತೆ, ಅದಕ್ಕೆ ಮಧ್ಯಾಹ್ನ ಊಟಕ್ಕೆ ಬಂದಾಗ ಬೂಟು ಬಿಚ್ಚಿ ಕಾಲು ಒರೆಸಿ ಬೇರೆ ಸಾಕ್ಸು ಹಾಕ್ಕೊಳ್ಳೋ ಅಭ್ಯಾಸ ಮಾಡಿಸಿದೀನಿ, ಸಾಕ್ಸು ಖರ್ಚೂ ನಂದೇ.

ಅಡಿಕೆ ಕೊನೆ ಕೊಯ್ಯೋ ಕೊನೆಗಾರರಿಗೆ ಮಾತ್ರ ಬೂಟು ಆಗಲ್ಲ, ಮರ ಹತ್ತೋರು ಬರಿಗಾಲಲ್ಲೇ ಇರ್ಬೇಕು. ಅವರು ಬರೋ ಮುಂಚೆ ಮರದ ಬುಡದ ದರಗು, ಸೋಗೆ ಎಲ್ಲ ದೋಟಿಯಿಂದ (ಉದ್ದ ಕೋಲಿಂದ) ಎಳೆದು ಬಿಡ್ತೀವಿ. ಅಡಿಕೆ ಹೆಕ್ಕುವಾಗ್ಲೂ ಅಷ್ಟೇ, ಕಾಲಿಗೆ ಬೂಟಿದ್ರೂ ಕೈ ಹೋಗೋದು ದರಗಿನೊಳಗೆ, ಆ ಸಣ್ಣ ಗುಳಿಮಂಡಲ ಕಚ್ಚೋದು ಬೆರಳಿಗೆ. ಮೊದಲು ಕೋಲಲ್ಲಿ ಎಲೆ ಸರಿಸು, ಆಮೇಲೆ ಕೈ ಹಾಕು. ನಮ್ಮಲ್ಲಿ ಸಿಗೋ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ ತಯಾರಾಗಿರೋದು, ಗುಳಿಮಂಡಲಕ್ಕೆ ಅಂತ ಬೇರೆ ಮದ್ದು ಇಲ್ಲ, ಹಂಗಾಗಿ ಕಚ್ಚಿಸ್ಕೊಳ್ಳದೇ ಇರೋದಕ್ಕೆ ನಾನು ಇಷ್ಟು ತಲೆ ಕೆಡಿಸ್ಕೊಳ್ಳೋದು.

ದೇಶದಲ್ಲಿ 2000ದಿಂದ 2019ರ ತನಕ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಅಂತ ಅಂದಾಜು, ವರ್ಷಕ್ಕೆ ಸರಾಸರಿ 58,000, ಅದರಲ್ಲಿ ಅರ್ಧ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂದ್ರೆ ನಾವು ಗದ್ದೆ ತೋಟದಲ್ಲಿ ಇರೋ ತಿಂಗಳುಗಳೇ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತವನ್ನ ಆಸ್ಪತ್ರೆಯವರು ವರದಿ ಮಾಡ್ಲೇಬೇಕು ಅಂತ ಆಗಿದೆ, ಒಳ್ಳೇದಾಯ್ತು.

ಮಲೆನಾಡಿನವರಿಗೆ ಇನ್ನೊಂದು ಲಾಭ ಇದೆ. ಮಳೆ ಮುಗಿದು ಚಳಿ ಶುರುವಾದ್ರೆ ಮಂಗನ ಕಾಯಿಲೆ ಹರಡೋ ಉಣುಗಿನ ಕಾಟ, ಸೊಪ್ಪಿನ ಬೆಟ್ಟಕ್ಕೆ ಹೋಗುವಾಗ ಪ್ಯಾಂಟು ಬೂಟಿನೊಳಗೆ ತೂರಿಸಿ, ಉಣುಗು ಹತ್ತದಂಗೆ ಆರೋಗ್ಯ ಇಲಾಖೆಯವರು ಕೊಡೋ ಡೆಪಾ ಎಣ್ಣೆ ಹಚ್ಕೊಂಡ್ರೆ ಅದಕ್ಕೂ ಇದೇ ಬೂಟು ಆಗುತ್ತೆ.

ಬೂಟನ್ನ ನೆಲದ ಮೇಲೆ ಬಿಡಬೇಡಿ. ಜಗಲಿ ಮೂಲೇಲಿ ಬಿಟ್ಟ ಬೂಟಿಗೆ ಕಪ್ಪೆ ಹೋಗುತ್ತೆ, ಕಪ್ಪೆ ಹಿಂದೆ ಹಾವು ಹೋಗುತ್ತೆ, ಚೇಳಂತೂ ಸರಿಯೇ ಸರಿ. ನಮ್ಮಲ್ಲಿ ಗೋಡೆಗೆ ಗೂಟ ಹೊಡೆದು ತಲೆಕೆಳಗಾಗಿ ಸಿಗಿಸ್ತೀವಿ, ಹಾಕ್ಕೊಳ್ಳೋ ಮುಂಚೆ ಹಿಮ್ಮಡಿ ಕಡೆ ಕುಟ್ಟಿ ಕೊಡವ್ತೀವಿ. ರಾತ್ರಿ ಮೋಟರ್ ಹಾಕೋಕೆ ಹೋಗುವಾಗ ಬೂಟಿನ ಜೊತೆ ಟಾರ್ಚ್ ಕಡ್ಡಾಯ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿರೋರನ್ನೇ ಜಾಸ್ತಿ ಕಚ್ಚೋದು, ಅದಕ್ಕೆ ಬೂಟು ಏನೂ ಮಾಡಲ್ಲ, ಮಂಚ ಮತ್ತೆ ಸೊಳ್ಳೆ ಪರದೆ ಬೇಕು.

ಬೂಟು ಇದ್ದೂ ಕಚ್ಚಿತು ಅಂತ ಅನುಮಾನ ಬಂದ್ರೆ ಕೂತು ಬೂಟು, ಸಾಕ್ಸು, ಕಾಲುಂಗುರ ಎಲ್ಲ ನಿಧಾನ ಬಿಚ್ಚಿ, ಊತ ಬಂದ್ಮೇಲೆ ಬಿಚ್ಚಕ್ಕಾಗಲ್ಲ. ಬಿಗಿಯಾಗಿ ಕಟ್ಟೋದು, ಕೊಯ್ಯೋದು ಬೇಡ. ಕಾಲಿಗೆ ಅಡಿಕೆ ದಬ್ಬೆ ಆಧಾರ ಕೊಟ್ಟು ಅಲ್ಲಾಡದಂಗೆ ಇಟ್ಟು 108ಕ್ಕೆ ಫೋನ್ ಮಾಡಿ, ಇಲ್ಲ ಸಿಕ್ಕ ಗಾಡೀಲಿ ಆಸ್ಪತ್ರೆಗೆ ಹೊರಡಿ, ನಾಟಿ ಮದ್ದಿಗೆ ಅಂತ ದಾರೀಲಿ ಎಲ್ಲೂ ನಿಲ್ಲಬೇಡಿ.

ಕೊನೇದಾಗಿ ಬಾಳಿಕೆ. ಬಿಸಿಲಲ್ಲಿ ಒಣಗಿಸಿದ್ರೆ ಪಿವಿಸಿ ಬೇಗ ಸೆಟೆದುಕೊಳ್ಳುತ್ತೆ, ನೆರಳಲ್ಲಿ ಒಣಗಿಸಿ. ಮೊದಲು ಬಿರಿಯೋದು ಹರಡು ಮಡಚೋ ಜಾಗ, ಹಾವು ಹೊಡೆಯೋದೂ ಅಲ್ಲೇ. ಪಂಕ್ಚರ್ ಅಂಗಡೀಲಿ ತೇಪೆ ಹಾಕಿಸಿದ್ರೆ ನೀರು ಒಳಗೆ ಬರೋದು ನಿಲ್ಲುತ್ತೆ, ಅಂಥ ಬೂಟನ್ನ ನಾನು ಕೊಟ್ಟಿಗೆಗೆ ಇಟ್ಕೊಂಡು ತೋಟಕ್ಕೆ ಹೊಸದು ತರ್ತೀನಿ. ಮೇ ತಿಂಗಳಲ್ಲಿ ಎಲ್ಲಾ ಬೂಟುಗಳನ್ನ ಅಂಗಳಕ್ಕೆ ತಂದು ಬಗ್ಗಿಸಿ ನೋಡಿ ಯಾರಿಗೆ ಹೊಸದು ಬೇಕು ಅಂತ ಪಟ್ಟಿ ಮಾಡ್ತೀನಿ, ಮಳೆ ಹಿಡಿದ ಮೇಲೆ ಹೋದ್ರೆ ನಾಕು ಐದರ ಸೈಜು ಸಿಗೋದೇ ಇಲ್ಲ.