ಜಾಮ್ ಆದ ಬೋಲ್ಟನ್ನು ಮುರಿಯದೆ ಬಿಚ್ಚುವುದು ಹೇಗೆ

ಅಣ್ಣನ ಕಾರಿನ ಥರ್ಮೋಸ್ಟಾಟ್ ಹೌಸಿಂಗ್ (ಎಂಜಿನ್ ತಂಪಿಡುವ ನೀರಿನ ಹರಿವನ್ನು ನಿಯಂತ್ರಿಸುವ ಭಾಗದ ಕವಚ) ಬಿಚ್ಚುತ್ತಿದ್ದೆ. ಮೂರು ಬೋಲ್ಟ್‌ಗಳಲ್ಲಿ ಎರಡು ಸಲೀಸಾಗಿ ಬಂದವು. ಮೂರನೆಯದು ಜಗ್ಗಲಿಲ್ಲ. ಸ್ಪ್ಯಾನರ್‌ಗೆ ಉದ್ದದ ಪೈಪ್ ಸಿಕ್ಕಿಸಿ ಎಳೆದೆ. ಕೈಗೆ ರಬ್ಬರ್ ತಿರುಚಿದ ಹಾಗೆ ಮೆತ್ತಗೆ ಅನಿಸಿತು. ಬಿಡುತ್ತಿದೆ ಅಂದುಕೊಂಡು ಇನ್ನೂ ಎಳೆದೆ. ಬೋಲ್ಟಿನ ತಲೆ ಕೈಗೆ ಬಂತು, ಉಳಿದದ್ದು ಒಳಗೇ ಉಳಿಯಿತು. ಅರ್ಧ ಗಂಟೆಯ ಕೆಲಸಕ್ಕೆ ಎರಡು ದಿನ ಹಿಡಿಯಿತು.

ಆ ಮೆತ್ತನೆಯ ಎಳೆತವನ್ನು ನೀವು ಗುರುತು ಹಿಡಿಯಬೇಕು. ಬಿಚ್ಚಿಕೊಳ್ಳುವ ಬೋಲ್ಟ್ ಸಾಮಾನ್ಯವಾಗಿ ಟಕ್ಕನೆ ಬಿಡುತ್ತದೆ. ಮುರಿಯಲಿರುವುದು ಸದ್ದಿಲ್ಲದೆ ತಿರುಚಿಕೊಳ್ಳುತ್ತದೆ, ಕೈ ಸಡಿಲಿಸಿದರೆ ಸ್ಪ್ಯಾನರ್ ಹಿಂದಕ್ಕೆ ಬರುತ್ತದೆ. ಹಾಗಾದರೆ ಅಲ್ಲಿಗೇ ನಿಲ್ಲಿಸಿ.

ಕೈ ಹಾಕುವ ಮೊದಲು ತುಕ್ಕಿನ ಬಣ್ಣ ನೋಡಿ. ಎಂಜಿನ್ನಿನ ಕಬ್ಬಿಣದ ಬ್ಲಾಕ್‌ನಲ್ಲಾದರೆ ಕೆಂಪು ತುಕ್ಕು. ಎಂಜಿನ್ನಿನ ಅಲ್ಯೂಮಿನಿಯಂ ಹೆಡ್‌ನಲ್ಲಿ ಕೂತ ಸ್ಟೀಲ್ ಬೋಲ್ಟಿನ ಸುತ್ತ ಬಿಳಿ ಪುಡಿ ಇರುತ್ತದೆ. ಎರಡು ಬೇರೆ ಲೋಹಗಳ ನಡುವೆ ನೀರು ಸೇರಿದಾಗ ಅಲ್ಯೂಮಿನಿಯಂ ಸವೆದು ಆ ಪುಡಿ ಬೋಲ್ಟಿನ ಸುರುಳಿ ಗೆರೆಗಳಾದ ಥ್ರೆಡ್‌ಗಳಲ್ಲಿ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಕೆಂಪು ತುಕ್ಕಿಗೆ ಎಣ್ಣೆ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಳಿ ಪುಡಿಗೆ ಬರೀ ಎಣ್ಣೆ ಸಾಲದು, ಬಿಸಿ ಬೇಕು.

ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೋಲ್ಟಿನ ತಲೆಗೆ ನೇರವಾಗಿ ಸುತ್ತಿಗೆಯಿಂದ ಹತ್ತಿಪ್ಪತ್ತು ಸಣ್ಣ ಪೆಟ್ಟು ಕೊಡಿ. ಆ ಅದುರಿಗೆ ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗೆ ಇಳಿಯುತ್ತದೆ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಸಾಕೆಟ್ 6 ಮೂಲೆಯದೇ ಇರಲಿ. 12 ಮೂಲೆಯದು ಬೇಗ ಜಾರಿ ತಲೆಯನ್ನು ಉರುಟು ಮಾಡುತ್ತದೆ.

ಇನ್ನು ಬಿಸಿ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಸ್ಟೀಲ್‌ಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತದೆ. ಅದಕ್ಕೇ ಹೀಟ್ ಗನ್ನನ್ನು ಬೋಲ್ಟಿಗಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂಗೆ ಹಿಡಿಯಿರಿ. ತೂತು ದೊಡ್ಡದಾಗಿ ಹಿಡಿತ ಸಡಿಲವಾಗುತ್ತದೆ. ಅದಕ್ಕೆ ಮೊದಲು ಎಣ್ಣೆಯನ್ನು ಪೂರ್ತಿ ಒರೆಸಿ. ಪೆಟ್ರೋಲ್ ಪೈಪ್ ಹತ್ತಿರವಿದ್ದರೆ ಬಿಸಿಯ ಯೋಚನೆಯೇ ಬೇಡ. ಬ್ರೇಕ್ ಕ್ಲೀನರ್ ಹಾಕಿದ ಜಾಗಕ್ಕೂ ಬಿಸಿ ಕೊಡಬೇಡಿ: ಕ್ಲೋರಿನ್ ಇರುವ ಬಗೆಯದಾದರೆ ಅದರಿಂದ ವಿಷದ ಗಾಳಿ ಬರುತ್ತದೆ.

ಈಗ ತಿರುಗಿಸಿ. ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಕಾಲು ಸುತ್ತು ಬಂದಾಗ ಖುಷಿಗೆ ಒಂದೇ ಸಮ ಎಳೆಯಬೇಡಿ. ಅಷ್ಟೇ ಹಿಂದಕ್ಕೆ ತಿರುಗಿಸಿ, ಎಣ್ಣೆ ಬಿಡಿ, ಮತ್ತೆ ಮುಂದಕ್ಕೆ. ಪುಡಿ ಹೊರಗೆ ಬರಲು ದಾರಿ ಬೇಕಲ್ವಾ? ಒಂದು ಬೋಲ್ಟಿಗೆ ಒಂದು ಗಂಟೆ ಹಿಡಿದರೂ ಪರವಾಗಿಲ್ಲ.

ಮುರಿದೇ ಹೋಯಿತು ಅನ್ನಿ. ತುಂಡು ಸ್ವಲ್ಪ ಹೊರಗಿದ್ದರೆ ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ. ಹಿಡಿತವೂ ಸಿಗುತ್ತದೆ, ಬಿಸಿಯೂ ಒಳಗೆ ಇಳಿಯುತ್ತದೆ. ಒಳಗೇ ಮುರಿದಿದ್ದರೆ ಸರಿಯಾಗಿ ನಡುವಿಗೆ ಸೆಂಟರ್ ಪಂಚ್ (ಗುರುತಿನ ಗುಳಿ ಮಾಡುವ ಚೂಪು ಉಳಿ) ಹೊಡೆದು, ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಹಾಕಿ. ಎಷ್ಟೋ ಸಲ ಕೊರೆಯುವಾಗಲೇ ತುಂಡು ಹಿಂದಕ್ಕೆ ತಿರುಗಿ ಬರುತ್ತದೆ. ಎಕ್ಸ್‌ಟ್ರಾಕ್ಟರ್ (ಕೊರೆದ ತೂತಿಗೆ ಸಿಕ್ಕಿಸಿ ತುಂಡನ್ನು ತಿರುಗಿಸಿ ತೆಗೆಯುವ ಸಾಧನ) ಕೊನೆಗಿರಲಿ. ಅದು ಗಡುಸು ಉಕ್ಕು, ಬಲ ಜಾಸ್ತಿಯಾದರೆ ಒಳಗೇ ಮುರಿಯುತ್ತದೆ, ಮಾಮೂಲಿ ಡ್ರಿಲ್ ಬಿಟ್ ಅದಕ್ಕೆ ತಾಗುವುದಿಲ್ಲ. ಅಣ್ಣನ ಕಾರಿನಲ್ಲಿ ಆಗಿದ್ದೂ ಅದೇ. ಎರಡನೇ ದಿನವಿಡೀ ಕಣ್ಣಿಗೆ ಕನ್ನಡಕ ಹಾಕಿಕೊಂಡು ತುಂಬ ಗಡುಸಾದ ತಿರುಗುವ ಅರ, ಅಂದರೆ ಕಾರ್ಬೈಡ್ ಬರ್‌ನಿಂದ ಅದನ್ನು ಚೂರು ಚೂರಾಗಿ ಸವೆಸಿದೆ.

ಜೋಡಿಸುವಾಗ ತೂತಿಗೆ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಿ ಥ್ರೆಡ್ ಸ್ವಚ್ಛ ಮಾಡಿ. ಹೊಸ ಬೋಲ್ಟಿನ ಥ್ರೆಡ್‌ಗೆ ಆಂಟಿ ಸೀಜ್ (ಮತ್ತೆ ಜಾಮ್ ಆಗದಂತೆ ಹಚ್ಚುವ ಪೇಸ್ಟ್) ತೆಳ್ಳಗೆ ಸವರಿ. ಕಾರಿನ ಪುಸ್ತಕದಲ್ಲಿ ಕೊಟ್ಟ ಟಾರ್ಕ್ (ಬಿಗಿ ಮಾಡುವ ತಿರುಚು ಬಲ) ಒಣ ಥ್ರೆಡ್‌ನದ್ದಾಗಿದ್ದರೆ ಸ್ವಲ್ಪ ಕಮ್ಮಿ ಬಿಗಿ ಮಾಡಿ. ಜಾರುವ ಥ್ರೆಡ್ ಅಷ್ಟೇ ಟಾರ್ಕ್‌ಗೆ ಬೋಲ್ಟನ್ನು ಜಾಸ್ತಿ ಎಳೆದುಬಿಡುತ್ತದೆ.