ಢಬ್ ಅನ್ನೋ ಸದ್ದು ಮುಂದಿನದಾ, ಹಿಂದಿನದಾ?

ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ನನ್ನ ಗ್ಯಾರೇಜ್ ಇದೆ. ಬ್ಯಾಕ್‌ಫೈರ್ ಆಗುವ, ಅಂದರೆ ಪೆಟ್ರೋಲ್ ಸಿಲಿಂಡರ್ ಹೊರಗೆ ಹೊತ್ತಿ ಢಬ್ ಅನ್ನುವ ಗಾಡಿ ಬಂದರೆ ಮೊದಲು ಒಂದೇ ಮಾತು ಕೇಳುತ್ತೇನೆ: ಸದ್ದು ಮುಂದೆ ಇಂಜಿನ್ ಹತ್ತಿರ ಬರುತ್ತಾ, ಹಿಂದೆ ಸೈಲೆನ್ಸರ್‌ನಲ್ಲಾ? ಇದು ಗೊತ್ತಾಗದೆ ಪಾನಾ ಹಿಡಿಯುವುದಿಲ್ಲ.

ಹಿಂದೆ ಬಂದರೆ, ಒಳಗೆ ಉರಿಯದೆ ಉಳಿದ ಪೆಟ್ರೋಲ್ ಬಿಸಿ ಪೈಪಿನಲ್ಲಿ ಹೊತ್ತಿಕೊಳ್ಳುತ್ತಿದೆ. ಪ್ಲಗ್ ಕಿಡಿ ತಪ್ಪಿರಬಹುದು, ಪೆಟ್ರೋಲ್ ಜಾಸ್ತಿ ಹೋಗುತ್ತಿರಬಹುದು. ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಪಟಪಟ ಅಂದರೆ ಸೈಲೆನ್ಸರ್ ಜಾಯಿಂಟ್ ನೋಡುತ್ತೇನೆ. ಅಲ್ಲಿ ಸೀಳಿದ್ದರೆ ಹೊರಗಿನ ಗಾಳಿ ಒಳಗೆ ಸೇರಿ, ಉಳಿದ ಪೆಟ್ರೋಲ್ ಅಲ್ಲೇ ಹೊತ್ತಿಕೊಳ್ಳುತ್ತದೆ.

ಮುಂದೆ ಬಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗಿರುವುದೇ ಹೆಚ್ಚು. ಅಂಥ ಮಿಶ್ರಣ ನಿಧಾನ ಉರಿಯುತ್ತದೆ. ಮಿಶ್ರಣ ಒಳಗೆ ಬಿಡುವ ಇನ್‌ಟೇಕ್ ವಾಲ್ವ್ ಮತ್ತೆ ತೆರೆದಾಗಲೂ ಬೆಂಕಿ ಆರಿರುವುದಿಲ್ಲ, ಗಾಳಿ ಬರುವ ಪೈಪಿಗೆ ವಾಪಸ್ ನುಗ್ಗುತ್ತದೆ. ಕಸ ಕಟ್ಟಿಕೊಂಡ ಫ್ಯುಯೆಲ್ ಫಿಲ್ಟರ್, ಬಿರುಕು ಬಿಟ್ಟು ಹೊರಗಿನ ಗಾಳಿ ಎಳೆಯುವ ವ್ಯಾಕ್ಯೂಮ್ ಪೈಪ್ ಇದಕ್ಕೆ ಕಾರಣ.

ಬ್ಯಾಡಗಿಯಿಂದ ಒಂದು ಹಳೆಯ ಮಾರುತಿ ಒಮ್ನಿ ವ್ಯಾನ್ ಬಂದಿತ್ತು. ಗ್ಯಾಸ್‌ನಲ್ಲಿ ಓಡಿಸಿದರೆ ಢಬ್, ಪೆಟ್ರೋಲ್‌ನಲ್ಲಿ ಸರಿ. ಏರ್ ಫಿಲ್ಟರ್ ಡಬ್ಬಿಯೇ ಒಡೆದಿತ್ತು. "ಗ್ಯಾಸ್ ಕಿಟ್ ಕೆಟ್ಟೈತ್ರೀ ಅಣ್ಣಾ, ಬದಲಿ ಮಾಡ್ರಿ" ಅಂದರು ಗಾಡಿಯವರು. ನನಗೆ ಹಾಗನ್ನಿಸಲಿಲ್ಲ. ಗ್ಯಾಸ್ ಹೊತ್ತಿಸಲು ಪೆಟ್ರೋಲ್‌ಗಿಂತ ಜೋರು ಕಿಡಿ ಬೇಕು. ಸೋತ ಪ್ಲಗ್ ವೈರ್ ಪೆಟ್ರೋಲ್‌ನಲ್ಲಿ ಹೇಗೋ ನಡೆಯುತ್ತದೆ, ಗ್ಯಾಸ್‌ನಲ್ಲಿ ಸಿಕ್ಕಿಬೀಳುತ್ತದೆ. ಹಳೆ ಮಿಕ್ಸರ್ ಕಿಟ್‌ನಲ್ಲಿ ಗ್ಯಾಸ್ ಮತ್ತು ಗಾಳಿ ಇಂಜಿನ್‌ಗೆ ಹೋಗುವ ಮೊದಲೇ ಬೆರೆತು ಇನ್‌ಟೇಕ್ ಪೈಪ್ ತುಂಬಿರುತ್ತದೆ, ಅದಕ್ಕೇ ಡಬ್ಬಿ ಒಡೆಯುವಷ್ಟು ಜೋರು.

ಕತ್ತಲಾದ ಮೇಲೆ ಗಾಡಿಯನ್ನು ಬಯಲಿಗೆ ತಂದೆ. ಗ್ಯಾಸ್ ವಾಲ್ವ್ ಬಂದ್ ಮಾಡಿ, ಪೆಟ್ರೋಲ್‌ನಲ್ಲಿ ಚಾಲೂ ಇಟ್ಟು, ವೈರ್‌ಗಳ ಮೇಲೆ ಸ್ವಲ್ಪ ನೀರು ಸಿಂಪಡಿಸಿದೆ. ಒಂದು ವೈರ್‌ನಿಂದ ಇಂಜಿನ್ ಮೈಗೆ ನೀಲಿ ಕಿಡಿ ಹಾರುತ್ತಿತ್ತು. ಇಂಥ ಹೊತ್ತಲ್ಲಿ ವೈರ್ ಮುಟ್ಟಬೇಡಿ, ಜೋರಾಗಿ ಹೊಡೆಯುತ್ತದೆ. ಪ್ಲಗ್, ವೈರ್ ಎಲ್ಲ ಹೊಸದು ಹಾಕಿ, ಪ್ಲಗ್ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, 0.7 ಮಿ.ಮೀ. ಇಟ್ಟೆ. ಸದ್ದು ನಿಂತಿತು. ಕಿಟ್ ಮುಟ್ಟಲೇ ಇಲ್ಲ.

ವೈರ್ ಬಿಚ್ಚುವ ಮುಂಚೆ ಗುರುತು ಹಾಕಿಕೊಳ್ಳಿ. ಒಮ್ನಿಯ ಮೂರು ಸಿಲಿಂಡರ್‌ಗೆ ಕಿಡಿ ಹೋಗುವ ಕ್ರಮ 1-3-2. ಅದಲುಬದಲಾದರೆ ಅದೇ ಢಬ್ ಮತ್ತೆ ಶುರು. ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟ್ ಬದಲಿಸಿದ ಮೇಲೆ ಸದ್ದು ಬಂದರೆ ಬೆಲ್ಟ್ ಒಂದು ಹಲ್ಲು ತಪ್ಪಿ ಕೂತಿದೆಯಾ ನೋಡಿಸಿ.

ಹೊಸ ಇಂಜೆಕ್ಷನ್ ಕಾರುಗಳಲ್ಲಿ ಇಂಜಿನ್ ಲೈಟ್ ಮಿನುಗುತ್ತಾ ಸದ್ದು ಬಂದರೆ ಹಾಗೇ ಊರಿಗೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಡುತ್ತದೆ. ಅದರ ಬೆಲೆ ಮುಂದೆ ಪ್ಲಗ್ ಖರ್ಚು ಏನೂ ಅಲ್ಲ.