ಮೇಜಿನ ಮೇಲೆ ಮಲಗಿದ ಟಿವಿ: ಕಥೆಯಾಟಕ್ಕೆ ಪರದೆ ಹೊಂದಿಸಿಕೊಂಡ ಬಗೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮಹಡಿಯಲ್ಲಿ, ಭಾನುವಾರದ ಮಧ್ಯಾಹ್ನಗಳಲ್ಲಿ, ಗೆಳೆಯರಿಗಾಗಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ನಾನು ನಡೆಸುತ್ತೇನೆ. ಒಬ್ಬರು ಕಥೆ ಹೇಳುತ್ತ ಆಟ ನಡೆಸಿದರೆ, ಉಳಿದವರು ಅದರ ಪಾತ್ರಗಳಾಗಿ ಆಡುವ ಕಥೆಯಾಟ ಇದು. 1974ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾದ ಈ ಆಟಕ್ಕೆ ಕಾಗದ, ಪೆನ್ಸಿಲ್, ದಾಳಗಳಿದ್ದರೆ ಸಾಕು. ಆದರೂ ಪರದೆ ಬೇಕೆನಿಸಿದ್ದು ನಮ್ಮ ಕಥೆಯ ಕೋಟೆಯಿಂದಾಗಿ. ಶ್ರೀರಂಗಪಟ್ಟಣದ ಮಾದರಿಯಲ್ಲಿ ಕಂದಕ, ನೀರಿನ ಬಾಗಿಲು, ಅಲ್ಲಿನ ಬೈಲಿ ಬಂದೀಖಾನೆಯಂತಹ ಕಮಾನಿನ ನೆಲಮಾಳಿಗೆ ಇವೆಲ್ಲ ಇರುವ ಆ ಕೋಟೆಯನ್ನು ಹಾಳೆಯಲ್ಲಿ ಬರೆದು ಹರಡಿದರೆ ಗುಟ್ಟುಗಳೆಲ್ಲ ಒಮ್ಮೆಲೇ ಬಯಲಾಗುತ್ತಿದ್ದವು. ಕಾಣಬೇಕಾದಷ್ಟನ್ನೇ ಕಾಣಿಸಿ, ಉಳಿದದ್ದನ್ನು ಮುಚ್ಚಿಡುವ ಉಪಾಯ ನನಗೆ ಬೇಕಾಗಿತ್ತು.

ಗೋಡೆಯ ಟಿವಿಯಲ್ಲಿ ನಕ್ಷೆ ತೋರಿಸುವುದು ಎಲ್ಲಕ್ಕಿಂತ ಸುಲಭ, ಆದರೆ ಆಟಕ್ಕೆ ಅದು ಒಗ್ಗುವುದಿಲ್ಲ. ಎಲ್ಲರೂ ಅತ್ತ ತಿರುಗಿ ಕೂರುತ್ತಾರೆ, ಪರಸ್ಪರ ಮಾತು ಕಡಿಮೆಯಾಗುತ್ತದೆ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆಟದ ಪಟಗಳನ್ನು ಕಂಡವರಿಗೆ ತಿಳಿದಿರುವಂತೆ, ಗೋಡೆಯ ಪಟ ಇರುವುದು ನೋಟಕ್ಕೆ. ಆಡಬೇಕಾದರೆ ಪಟವನ್ನು ಹಾಸಿ ಸುತ್ತ ಕೂರಲೇಬೇಕು.

ಹಾಗಾಗಿ ಮೊದಲು ಪ್ರೊಜೆಕ್ಟರನ್ನು ಮೇಲಿನಿಂದ ಇಳಿಬಿಟ್ಟು ನೋಡಿದೆ. ಥ್ರೋ ರೇಶಿಯೊ, ಎಂದರೆ ದೂರಕ್ಕೂ ಚಿತ್ರದ ಅಗಲಕ್ಕೂ ಇರುವ ಅನುಪಾತ, 1.5 ಆಗಿರುವ ಪ್ರೊಜೆಕ್ಟರನ್ನು ಮೇಜಿನಿಂದ ಆರು ಅಡಿ ಎತ್ತರದಲ್ಲಿ ಕಟ್ಟಿದರೆ ನಾಲ್ಕು ಅಡಿ ಅಗಲದ ಚಿತ್ರ ಬೀಳುತ್ತದೆ. ದೊಡ್ಡ ನಕ್ಷೆಗೆ ಇದು ನಿಜಕ್ಕೂ ಸೊಗಸು, ಮೇಜಿನ ಮೇಲೆ ನೀರು ಚೆಲ್ಲಿದರೂ ಚಿಂತೆಯಿಲ್ಲ. ಆದರೆ ಪಾತ್ರವನ್ನು ಸೂಚಿಸುವ ಪುಟ್ಟ ಗೊಂಬೆಯನ್ನು ಸರಿಸಲು ಕೈ ಚಾಚಿದೊಡನೆ ಅರ್ಧ ಕೋಟೆ ನೆರಳಿನಲ್ಲಿ ಮುಳುಗುತ್ತದೆ. ಹಗಲಿನಲ್ಲಿ ಕಿಟಕಿಯ ಪರದೆ ಎಳೆದು ಕೋಣೆಯನ್ನು ಕತ್ತಲು ಮಾಡಬೇಕು, ಆಗ ತಮ್ಮ ಕೈಯ ಹಾಳೆಯನ್ನು ಓದಲು ಯಾರಿಗೂ ಆಗದು. ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಹಾಕಿದರೆ ಚಿತ್ರವೂ ನಡುಗುತ್ತದೆ. ಇದಲ್ಲದೆ, ಬಲ್ಬಿನ ಪ್ರೊಜೆಕ್ಟರುಗಳಲ್ಲಿ ಹಲವನ್ನು ನೇರ ಕೆಳಮುಖವಾಗಿ ತೂಗುಹಾಕುವಂತಿಲ್ಲ, ಏಕೆಂದರೆ ಅವುಗಳ ಶಾಖ ಸರಿಯಾಗಿ ಹೊರಹೋಗುವುದಿಲ್ಲ.

ಕೊನೆಗೆ ನೆಚ್ಚಿಕೊಂಡದ್ದು 43 ಇಂಚಿನ ಟಿವಿಯನ್ನೇ, ಮೇಜಿನ ಮೇಲೆ ಅಂಗಾತ ಮಲಗಿಸಿ. ಬಡಗಿಯೊಬ್ಬರಿಂದ ಮರದ ಚೌಕಟ್ಟು ಮಾಡಿಸಿ, ಬೆನ್ನಿಗೆ ಗಾಳಿಯಾಡಲು ಕೆಳಗೆ ಎರಡು ಇಂಚು ಜಾಗ ಬಿಡಿಸಿದೆ. ನಾಮಫಲಕ ಮಾಡುವ ಅಂಗಡಿಯಲ್ಲಿ ಕತ್ತರಿಸಿ ಕೊಟ್ಟ ಪಾರದರ್ಶಕ ಅಕ್ರಿಲಿಕ್ ಹಾಳೆಯ ಭಾರವೆಲ್ಲ ಚೌಕಟ್ಟಿನ ಅಂಚಿನ ಮೇಲೆಯೇ ಬೀಳುತ್ತದೆ, ಪ್ಯಾನೆಲ್ಲಿಗೆ ಅದು ತಾಗುವುದಿಲ್ಲ. ಓರೆಯಾಗಿ ನೋಡುವವರಿಗೂ ಬಣ್ಣ ಮಂಕಾಗದಿರಲು ಐಪಿಎಸ್ ಪ್ಯಾನೆಲ್ ಇರುವುದು ಲೇಸು. ಹತ್ತಿರದಿಂದ ಬಗ್ಗಿ ನೋಡುವುದರಿಂದ ಬೆಳಕನ್ನು ಸಾಕಷ್ಟು ತಗ್ಗಿಸಬೇಕು, ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸಿ ಪಕ್ಕದ ದೀಪ ಹಾಕಬೇಕು.

ಈ ಆಟದ ನಕ್ಷೆಯಲ್ಲಿ ಒಂದಿಂಚಿನ ಚೌಕ ಕಥೆಯೊಳಗಿನ ಐದು ಅಡಿ ನೆಲಕ್ಕೆ ಸಮ. ಈ ಟಿವಿಯ ಅಗಲ ಸುಮಾರು 37.5 ಇಂಚು, ಫುಲ್ ಎಚ್‌ಡಿಯ 1920 ಪಿಕ್ಸೆಲ್‌ಗಳನ್ನು ಅದರಿಂದ ಭಾಗಿಸಿದರೆ ಚೌಕವೊಂದಕ್ಕೆ 51 ಪಿಕ್ಸೆಲ್. ಲೆಕ್ಕ ಹೊಂದಿಸಿದ ಮೇಲೆ ಪರದೆಯ ಮೇಲೆಯೇ ಸ್ಕೇಲ್ ಇಟ್ಟು ಅಳೆಯುವುದು ಒಳ್ಳೆಯದು, ಏಕೆಂದರೆ ಕೆಲವು ಟಿವಿಗಳು ಓವರ್‌ಸ್ಕ್ಯಾನ್ ಮಾಡಿ, ಎಂದರೆ ಚಿತ್ರವನ್ನು ತುಸು ಹಿಗ್ಗಿಸಿ, ಅಂಚನ್ನು ನುಂಗಿಬಿಡುತ್ತವೆ.

ತಂತ್ರಾಂಶವಾಗಿ ಬಳಸುವುದು, ಇಂತಹ ಆಟಗಳ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಫೌಂಡ್ರಿ. ಒಮ್ಮೆ ಹಣ ಕೊಟ್ಟರೆ ನಮ್ಮ ಲ್ಯಾಪ್‌ಟಾಪಿನಲ್ಲೇ ನಡೆಯುತ್ತದೆ. ನಕ್ಷೆಯ ಮೇಲೆ ಗೋಡೆಗಳ ಗೆರೆ ಎಳೆದಿಟ್ಟರೆ, ಪಾತ್ರದ ಟೋಕನ್ (ನಕ್ಷೆಯ ಮೇಲಿನ ಗುರುತು) ನಿಂತ ಜಾಗದಿಂದ ಕಾಣುವಷ್ಟೇ ಪರದೆಯಲ್ಲಿ ತೆರೆದುಕೊಳ್ಳುತ್ತದೆ. ನಿಯಮದ ಪ್ರಕಾರ ಪಂಜಿನ ಬೆಳಕು 20 ಅಡಿ ಪ್ರಖರ, ಅದರಾಚೆ 20 ಅಡಿ ಮಂದ. ಎಂದರೆ ನಾಲ್ಕು ಚೌಕ ನಿಚ್ಚಳ, ಇನ್ನು ನಾಲ್ಕು ಮಸುಕು. ನೆಲಮಾಳಿಗೆಯ ತಿರುವಿನಲ್ಲಿ ಆ ಮಸುಕಿನ ಅಂಚಿಗೆ ಸರಪಳಿಯ ತುದಿಯೊಂದು ಕಂಡಾಗ, "ಪಂಜು ಹಿಡಿದವನು ನೀನು ತಾನೇ, ಮುಂದೆ ಹೋಗಪ್ಪ" ಎಂದು ಉಳಿದವರು ಹಿಂದೆ ಸರಿದರು. ಕಾಗದದ ನಕ್ಷೆಯ ಮುಂದೆ ಇಂತಹ ಹಿಂಜರಿಕೆಯನ್ನು ನಾನು ಕಂಡಿರಲಿಲ್ಲ. ಇದಕ್ಕೆಲ್ಲ ಟಿವಿ ಎರಡನೆಯ ಪರದೆಯಾಗಿ ಬೇರೆ ಕಿಟಕಿಯನ್ನು ತೋರಿಸಬೇಕು. ಲ್ಯಾಪ್‌ಟಾಪಿನ ಪರದೆಯನ್ನೇ ಟಿವಿಯಲ್ಲೂ ಮೂಡಿಸುವ ಡೂಪ್ಲಿಕೇಟ್ ಆಯ್ಕೆ ಇಟ್ಟರೆ ನನ್ನ ಟಿಪ್ಪಣಿಗಳೂ ಎಲ್ಲರಿಗೆ ಕಾಣುತ್ತವೆ.

ಮಾತುಕತೆಯ ದೃಶ್ಯಗಳಲ್ಲಿ, ಉದಾಹರಣೆಗೆ ಕಿಲ್ಲೇದಾರನೊಡನೆ ಚೌಕಾಸಿ ನಡೆಯುವಾಗ, ಪರದೆಯನ್ನು ಪೂರ್ತಿ ಕಪ್ಪಾಗಿಸುತ್ತೇನೆ. ಚಿತ್ರ ಹೊಳೆಯುತ್ತಿದ್ದರೆ ಆಡುವವರ ಕಣ್ಣು ಅಲ್ಲೇ ನೆಟ್ಟಿರುತ್ತದೆ. ಚಲಿಸುವ ನೀರು, ಉರಿಯುವ ಬೆಂಕಿಯ ಅನಿಮೇಷನ್‌ಗಳನ್ನೂ ಇದೇ ಕಾರಣಕ್ಕೆ ಕೈಬಿಟ್ಟಿದ್ದೇನೆ; ಲ್ಯಾಪ್‌ಟಾಪಿಗೂ ಅದರಿಂದ ಹೊರೆ ತಗ್ಗಿದೆ.